ತಾನೇ ಹತ್ತುವ ದೀಪ

“ಆಟೋಮ್ಯಾಟಿಕ್ ಅಂತೆ ಕಣ್ಲಾ ಅದು! ತಾನೇ ಹತ್ತುತ್ತೆ, ತಾನೇ ಆರುತ್ತೆ. ಹಂಗಾದ್ರೆ ನೀನ್ಯಾಕಲಾ ಅಲ್ಲಿ? ಬಲ್ಬಿಗೆ ದೃಷ್ಟಿಬೊಂಬೆ ಆಗಿದ್ದೀಯಾ?”

ಬೂದಿಗೆರೆಯ ಹಾಲಿನ ಡೇರಿ ಮುಂದೆ, ಕ್ಯಾನು ಹಿಡಿದು ನಿಂತ ಇಪ್ಪತ್ತು ಜನರೆದುರು ಚಿಕ್ಕಬೀರಪ್ಪ ಅಳಿಯ ಅಂಜನ್‌ನನ್ನು ಹೀಗೆ ಕೇಳುತ್ತಾರೆ. ಜನ ನಗುತ್ತಾರೆ. ಆಷಾಢಕ್ಕೆ ತವರಿಗೆ ಬಂದ ಹೊಸ ಹೆಂಡತಿ ಅಕ್ಷತಳನ್ನು ಕರೆದೊಯ್ಯಲು ಅಂಜನ್ ಬಂದಿದ್ದಾನೆ. ಶ್ರಾವಣ ಹುಟ್ಟಿ ಹತ್ತು ದಿನವಾಯಿತು, ಮಾವ ಕಳಿಸುತ್ತಿಲ್ಲ.

ಊರಾಚೆಯ ಬಂಡೆಗುಡ್ಡದ ನೆತ್ತಿಯಲ್ಲಿ ಒಂದು ಕಬ್ಬಿಣದ ಕಂಬ, ಅದರ ತುದಿಯಲ್ಲಿ ಕೆಂಪು ದೀಪ. ಇಳಿಯುವ ವಿಮಾನಗಳಿಗೆ ಇಲ್ಲಿ ಗುಡ್ಡವಿದೆ ಎಂದು ಹೇಳುವುದೇ ಅದರ ಕೆಲಸ. ಕತ್ತಲಾದಾಗ ಅದನ್ನು ಹತ್ತಿಸಬೇಕಾದ ಯಂತ್ರ ಕೆಟ್ಟು ಆರು ವರ್ಷ. ಈಗ ಸ್ವಿಚ್ ಹಾಕುವುದು, ಆರಿಸುವುದು ಎಲ್ಲ ಅಂಜನ್‌ನ ಕೈಯೇ. ಗುತ್ತಿಗೆದಾರನ ಕಾಗದದಲ್ಲಿ ಮಾತ್ರ ಅದು ಇವತ್ತಿಗೂ ಗಟ್ಟಿಮುಟ್ಟಾಗಿದೆ. ಯಂತ್ರ ಸರಿಯಿದ್ದರೆ ದೀಪ ಕಾಯುವವನು ಯಾಕೆ ಬೇಕು? ಅದಕ್ಕೇ ಅಂಜನ್ ಯಾವ ಪಟ್ಟಿಯಲ್ಲೂ ಇಲ್ಲ. ಮಾವ ಗುತ್ತಿಗೆದಾರನ ಆಫೀಸಿಗೇ ಹೋಗಿ ವಿಚಾರಿಸಿದಾಗ, ಅಂಥ ಮನುಷ್ಯನೇ ಇಲ್ಲ ಎಂದು ಕಳಿಸಿದ್ದಾರೆ. ನಾಚಿಕೆಗೆಟ್ಟವರು!

ಇಲ್ಲದ ಆ ಮನುಷ್ಯ ಇವತ್ತು ಬೆಳಗಿನ ಐದೂಮುಕ್ಕಾಲಕ್ಕೆ ಕಂಬದ ಮೇಲಿದ್ದ. ನಲವತ್ತೆರಡು ಮೆಟ್ಟಿಲಿನ ಏಣಿ, ದಿನಕ್ಕೆ ಎರಡು ಸಲ. “ಕಲ್ಲು ಕ್ರಷರ್ ಧೂಳು, ಗುರು. ಒಂದಿನ ಒರಸ್ಲಿಲ್ಲ ಅಂದ್ರೆ ಗಾಜು ಮಂಕಾಗ್ಬಿಡುತ್ತೆ,” ಎಂದ ದೀಪ ಒರೆಸುತ್ತ. ರಜೆ ಎನ್ನುವುದೇ ಇಲ್ಲ. ಮದುವೆಯ ಸಂಜೆಯೂ ಬಾಸಿಂಗ ಬಿಚ್ಚಿಟ್ಟು ಇಲ್ಲಿಗೆ ಓಡಿ ಬಂದಿದ್ದ.

ಎರಡು ವರ್ಷದ ಹಿಂದೆ ಒಂದು ಸಂಜೆ ಜ್ವರದಲ್ಲಿ ಕಂಬದ ಬುಡದಲ್ಲೇ ಮಲಗಿಬಿಟ್ಟಿದ್ದ. ಗುಲಾಬಿ ತೋಟದ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಅಕ್ಷತ, ದೀಪ ಕಾಣದೆ ಗುಡ್ಡ ಹತ್ತಿದಳು. “‘ಏನಪ್ಪಾ, ನಿನ್ ಕೆಂಪಕ್ಕ ಇನ್ನೂ ಎದ್ದಿಲ್ವಾ?’ ಅಂದ್ಲು. ಅವತ್ತು ಸ್ವಿಚ್ ಹಾಕಿದ್ದು ಅವ್ಳೇ. ದೀಪ ಇಲ್ಲ ಅಂತ ಇಡೀ ಊರಲ್ಲಿ ಕಂಡಿದ್ದು ಅವಳೊಬ್ಬಳಿಗೇ,” ಎನ್ನುತ್ತಾನೆ ಅಂಜನ್. ಗುಡ್ಡದ ಬುಡದ ಒಂಟಿ ಕೋಣೆಯಲ್ಲಿ ಅವಳಿಗೆಂದು ಕನ್ನಡಿ ನೇತುಹಾಕಿದ್ದಾನೆ. ಅವಳು ಬಂದು ಅದರಲ್ಲಿ ಮುಖ ನೋಡಿಕೊಳ್ಳಬೇಕು, ಅಷ್ಟೇ ಅವನ ಆಸೆ.

ಈಗ ಡೇರಿ ಮುಂದೆ ಅಕ್ಷತ, “ಅಪ್ಪಾ, ನಾನೇ ಸ್ವಿಚ್ ಹಾಕಿದ್ದೀನಿ” ಎನ್ನುತ್ತಾಳೆ. “ಗಂಡನ ಮಾನ ಮುಚ್ಚೋಕೆ ಬಂದ್ಬಿಟ್ಲು” ಎನ್ನುತ್ತಾರೆ ಅಪ್ಪ. ಹಾಲು ಅಳೆಯುವ ಪಿಳ್ಳಣ್ಣ ತಲೆ ಎತ್ತುತ್ತಾನೆ. “ಜಗಳ ಯಾಕೆ? ಅವ್ನು ಇವತ್ತು ಇಲ್ಲೇ ಕೂತಿರ್ಲಿ. ಹತ್ತುತ್ತೋ ಇಲ್ವೋ ನೋಡಾಣ.”

“ಆಯ್ತು ಕಣೋ,” ಎನ್ನುತ್ತಾರೆ ಚಿಕ್ಕಬೀರಪ್ಪ, ಅಳಿಯನ ಕಡೆ ತಿರುಗಿ. “ಹತ್ತಲಿಲ್ವಾ, ಈಗಲೇ ಮಗಳನ್ನ ಕಳಿಸ್ತೀನಿ. ಹತ್ತಿದ್ರೆ ನಮ್ಮ ಬೀದಿಗೆ ಕಾಲಿಡ್ಬೇಡ.”

ಹೊತ್ತು ಮುಳುಗಿದೆ. ಅಕ್ಷತ ಅವನ ತೋಳು ಹಿಡಿಯುತ್ತಾಳೆ. “ಒಂದೇ ಒಂದಿನ ಸುಮ್ನಿರು. ನನಗೋಸ್ಕರ.”

ತಲೆಯ ಮೇಲೆ ವಿಮಾನವೊಂದು ಚಕ್ರ ಇಳಿಸಿಕೊಂಡು ಹಾದುಹೋಗುತ್ತದೆ. ಅಂಜನ್ ಕತ್ತೆತ್ತಿ ಅದನ್ನು ನೋಡುತ್ತಾನೆ. ಅವಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಗುಡ್ಡದ ಕಡೆ ಬಿರಬಿರನೆ ನಡೆದುಬಿಡುತ್ತಾನೆ.