ಅತ್ತೆ ಕಿಟಕಿ

ನಮ್ಮತ್ತೆಯ ಬಲ ಅಂಗೈ ಎಡಗೈಗಿಂತ ಅಗಲ ಇತ್ತು. ಉತ್ಪ್ರೇಕ್ಷೆ ಅಲ್ಲ, ಕೈ ಜೋಡಿಸಿ ದೇವರಿಗೆ ಮುಗಿದಾಗ ಬಲಗೈಯ ಅಂಚು ಆಚೆ ಕಾಣೋದು. ಜೋಳದ ರೊಟ್ಟಿ ಬಡಿದು ಬಡಿದು ಹಾಗಾಗಿದ್ದು. ಟಿ. ದಾಸರಹಳ್ಳಿಯಲ್ಲಿ ಅವರ ಖಾನಾವಳಿಗೆ ಬೋರ್ಡೇ ಇರಲಿಲ್ಲ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿದ ಜನ ಆ ಪಟಪಟ ಸದ್ದು ಹಿಡಿದುಕೊಂಡೇ ಗಲ್ಲಿಯೊಳಕ್ಕೆ ಬರೋರು.

ನಾನೂ ಹಾಗೇ ಬಂದವನು. ರಾಜಾನುಕುಂಟೆಯವನು, ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬಸ್ಸಿಗೆ ಬಾಡಿ ಕಟ್ಟೋ ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿತೆ. ಮುದ್ದೆ ತಿಂದು ಬೆಳೆದ ನನಗೆ ರೊಟ್ಟಿ ಊಟ ಹೊಸದು. ಅವರು ವಿಜಯಪುರದ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಬಂದು ಇಲ್ಲಿ ಒಲೆ ಹೂಡಿದ್ದರು. ಕೆಲವು ವರ್ಷ ಅಲ್ಲೇ ಉಂಡೆ. ಒಂದು ದಿನ ಪಲ್ಯ ಬಡಿಸುತ್ತಾ ಅವರೇ ಕೇಳಿದರು.

"ನಮ್ಮ ಹುಡುಗೀನ್ನ ಮಾಡ್ಕೋತೀಯೇನಪಾ?"

"ಇಷ್ಟು ಜನ ಬರ್ತಾರೆ, ನನ್ನೇ ಯಾಕಮ್ಮಾ ಕೇಳ್ತೀರಾ?"

"ತಾಟ ನೋಡಿದ್ರ ಮನಷ್ಯಾ ತಿಳೀತಾನ. ನೀ ಒಂದಿನಾನೂ ತಾಟಿನ್ಯಾಗ ಬಿಟ್ಟು ಎದ್ದಿಲ್ಲ."

ಮದುವೆಯಾದ ಮೇಲೆ 'ನೀ' ಹೋಗಿ 'ಅಳಿಯಾರ' ಬಂತು, ತಲೆ ಮೇಲೆ ಸೆರಗು ಬಂತು. ನಾನು ಉಂಡು ಕೈ ತೊಳೆಯೋವರೆಗೂ ಅವರು ತುತ್ತು ಎತ್ತುತ್ತಿರಲಿಲ್ಲ. ಅವರ ಮನೆತನದ ಪದ್ಧತಿ ಅದು. ಮೊದಲು ಗಿರಾಕಿಗಳು, ಆಮೇಲೆ ಅಳಿಯ, ಆಮೇಲೆ ಮಗಳು. ಎಲ್ಲರದೂ ಮುಗಿದ ಮೇಲೆ, ಆರಿ ಬಿರುಸಾದ ರೊಟ್ಟಿಯನ್ನು ಸಾರಿನಲ್ಲಿ ಅದ್ದಿಕೊಂಡು ಗೋಡೆ ಕಡೆ ಮುಖ ಮಾಡಿ ತಿನ್ನೋರು. ಬಿಸಿರೊಟ್ಟಿಗೆ ಊರೆಲ್ಲಾ ಹೆಸರಾದ ಹೆಂಗಸು ತಾನು ಬಿಸಿರೊಟ್ಟಿ ತಿಂದಿದ್ದನ್ನು ನಾನು ನೋಡೇ ಇರಲಿಲ್ಲ.

ಆಮೇಲೆ ಅವರ ಎದೆ ಹೊಡೆದುಕೊಳ್ಳೋಕೆ ಶುರುವಾಯಿತು. ನಿದ್ದೆ ಇಲ್ಲ. ತುಮಕೂರು ರೋಡಿನ ಲಾರಿ ಸದ್ದು, ಹಿಟ್ಟಿನ ಚಿಂತೆ, ಗ್ಯಾಸಿನ ಚಿಂತೆ. ಡಾಕ್ಟರು ಪರೀಕ್ಷೆ ಮಾಡಿ, "ಅಮ್ಮಾ, ಒಲೆ ಬಿಟ್ಟು ನಾಲ್ಕು ದಿನ ಎಲ್ಲಾದ್ರೂ ಹೋಗಿ ಬನ್ನಿ. ಗಾಳಿ ಬದಲಾಗಲಿ," ಅಂದರು.

"ಗಾಳಿ ಬದ್ಲಿ ಮಾಡಾಕ ನಾ ಏನ್ ಟೈರ್ ಏನ್ರಿ?"

ಡಾಕ್ಟರು ನಕ್ಕರು. ಆದರೆ ನನ್ನನ್ನು ಪಕ್ಕಕ್ಕೆ ಕರೆದು, "ಹೀಗೇ ಬಿಟ್ಟರೆ ಹೃದಯ ತಡೆಯಲ್ಲ ಕಣ್ರೀ," ಅಂತ ಹೇಳುವಾಗ ನಗುತ್ತಿರಲಿಲ್ಲ.

ಲಾಡ್ಜಿಗೆ ಕರೆದೆ, ಒಲ್ಲೆ ಅಂದರು. ಯಾರೋ ಮಲಗಿದ ಹಾಸಿಗೆ, ಯಾರೋ ಮಾಡಿದ ಅಡುಗೆ, ಅವರಿಗಾಗದು. ಮಗಳು ಅತ್ತೂ ನೋಡಿದಳು. ಕೊನೆಗೆ ಬೇಸತ್ತು, "ನನ್ನ ಒಲಿ ನನ್ನ ಕೂಡ ಬಂದ್ರ ಬರ್ತೀನಿ," ಅಂದುಬಿಟ್ಟರು.

ಆಗದ ಮಾತು ಅಂತಲೇ ಅವರು ಹಾಗಂದಿದ್ದು. ಆದರೆ ಹೇಳಿದ್ದು ಬಾಡಿ ಕಟ್ಟೋನಿಗೆ. ಅಷ್ಟೊತ್ತಿಗೆ ನನ್ನದೇ ಸ್ವಂತ ಶೆಡ್ ಇತ್ತು. ಮೂಲೆಯಲ್ಲಿ ಒಂದು ಹಳೇ ಮಿನಿಬಸ್ ನಿಂತಿತ್ತು. ಸೀಟೆಲ್ಲಾ ಕಿತ್ತೆ. ಮಂಚ, ನೀರಿನ ಟ್ಯಾಂಕು, ಮೇಲೆ ಸೋಲಾರು, ಹಿಂದೆ ಅಡುಗೆ ಕಟ್ಟೆ. ಪೇಂಟರ್ ಬ್ರಷ್ ಹಿಡಿದುಕೊಂಡೇ, "ಅಣ್ಣಾ, ಅತ್ತೆಯಿಂದ ಗಾಡಿ ಕೇಳೋ ಅಳಿಯಂದ್ರನ್ನ ನೋಡಿದ್ದೀನಿ. ಅತ್ತೆಗೆ ಮನೇನೇ ಗಾಡಿ ಮೇಲೆ ಕಟ್ಟೋನು ನೀನೊಬ್ಬನೇ ಗುರು," ಅಂದ. ಅನ್ನಲಿ. ನಾನು ಕಟ್ಟಿದ ಬಾಡಿಯಲ್ಲಿ ಇವತ್ತಿನವರೆಗೆ ಒಂದು ಹನಿ ಸೋರಿಲ್ಲ. ಆರ್‌ಟಿಓದವರು ನೋಡಿ ಪಾಸ್ ಮಾಡಿದರು.

ಒಲೆ ಗಾಡಿಯಲ್ಲಿ ಕೂತ ಮೇಲೆ ಅತ್ತೆಗೆ ನೆಪ ಉಳಿಯಲಿಲ್ಲ. ಖಾನಾವಳಿಗೆ ಮೊದಲ ಸಲ ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿ, ಹತ್ತಿ ಕೂತರು.

ಮಧುಗಿರಿ ದಾರಿಯಲ್ಲಿ ಪರಿಚಯದ ರೈತರೊಬ್ಬರ ಹುಣಸೆ ತೋಪಿದೆ. ಮುಂದೆ ರಸ್ತೆ, ರಸ್ತೆಯಾಚೆ ಕೆರೆ, ಕೆರೆಯಾಚೆ ಆನೆ ಮಲಗಿದ ಹಾಗೆ ಬಂಡೆಬೆಟ್ಟ. ಅಲ್ಲಿ ನಿಲ್ಲಿಸಿದೆ. ಬೆಳಗ್ಗೆ ಎದ್ದಾಗ ಕೆರೆ ಮೇಲೆ ಹೊಗೆಯಂಥ ಮಂಜು, ಬೆಟ್ಟದ ನೆತ್ತಿ ಮೇಲೆ ಬಿಸಿಲು. ನಾನೂ ಹೆಂಡತಿಯೂ ಕುರ್ಚಿ ಹಾಕಿಕೊಂಡು ಬಾಯಿ ಬಿಟ್ಟು ನೋಡುತ್ತಿದ್ದೆವು. ಒಳಗಿಂದ ಪಟಪಟ ಸದ್ದು ಬಂತು.

ಹೋಗಿ ನೋಡಿದರೆ ಅತ್ತೆ ಬೆವರುತ್ತಾ ನಿಂತಿದ್ದಾರೆ. ಮುಖದ ಮುಂದೆ ನಾನೇ ಹೊಡೆದ ತಗಡು.

"ಹೊರಗೆ ಬನ್ನಿ ಅತ್ತೆ, ಬೆಟ್ಟ ನೋಡಿ."

"ನೀವು ನೋಡ್ರಿ. ನಂಗ ದಾಸರಹಳ್ಳ್ಯಾಗೂ ಗ್ವಾಡಿನ, ಇಲ್ಲೂ ಗ್ವಾಡಿನ. ನಡೀತೈತಿ ಬಿಡ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. 'ನಡೀತೈತಿ' ಅಂದದ್ದು ನಾಟಿತು. ಹುಟ್ಟಿದಾಗಿನಿಂದ ನಾನು ನೋಡಿದ ಒಲೆಗಳೆಲ್ಲಾ ಗೋಡೆಗೆ ಅಂಟಿಕೊಂಡೇ ಇದ್ದವು. ಅದಕ್ಕೇ ಗಾಡಿಯಲ್ಲೂ ಒಲೆಗೊಂದು ಗೋಡೆ ಕಟ್ಟಿಕೊಟ್ಟಿದ್ದೆ. ಅವರ ಖಾನಾವಳಿಯನ್ನೇ ಚಕ್ರದ ಮೇಲೆ ಕೂರಿಸಿ ಮಧುಗಿರಿಗೆ ತಂದಿದ್ದೆ, ಅಷ್ಟೇ.

"ಒಲೆ ಆರಿಸಿ ಅತ್ತೆ. ಕೆಳಗಿಳೀರಿ."

"ಯಾಕ್ರೀ? ಹಂಚು ಕಾದೈತಿ."

"ಇಳೀರಿ ಅಂದೆ."

ನಾನು ಸ್ಟೆಪ್ನಿ ಮರೆತರೂ ಟೂಲ್ಸ್ ಪೆಟ್ಟಿಗೆ ಮರೆಯೋನಲ್ಲ. ಸಿಲಿಂಡರ್ ಬಿಚ್ಚಿ ದೂರದ ಮರದ ಬುಡದಲ್ಲಿ ಇಟ್ಟೆ. ತಗಡಿನ ಹಿಂದೆ ಕಂಬಿ ಎಲ್ಲೆಲ್ಲಿದೆ ಅಂತ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಸೀಮೆಸುಣ್ಣದಲ್ಲಿ ಗೆರೆ ಎಳೆದು, ತಗಡು ಕುಯ್ಯೋ ಬ್ಯಾಟರಿ ಗ್ರೈಂಡರ್ ಹಿಡಿದೆ. ಹೊಸಾ ಪೇಂಟಿನ ಮೇಲೆ ಕಿಡಿ ಹಾರಿತು.

"ಏ, ಇವ್ರಿಗೇನಾತ ನೋಡ," ಅಂತ ಅತ್ತೆ ಮಗಳನ್ನು ಹಿಡಿದುಕೊಂಡರು. ತೋಪಿನ ರೈತರು ಹಲ್ಲುಜ್ಜುತ್ತಾ ಬಂದು, "ಏನಣ್ಣಾ, ಇಂಗ್ಯಾಕೆ ಒಳ್ಳೆ ಗಾಡಿ ಕುಯ್ತಾ ಇದ್ದೀಯಾ?" ಅಂದರು.

ಕತ್ತರಿಸಿದ ತಗಡಿನ ಅಂಚು ಉಜ್ಜಿ, ರಬ್ಬರ್ ಪಟ್ಟಿ ಹಾಕಿ, ಮೇಲುಗಡೆ ಹಿಂಜಸ್ ಕೂರಿಸಿ ಎತ್ತಿ ಕೋಲು ಕೊಟ್ಟೆ. ಕಿಟಕಿಗೆ ಕಿಟಕಿ, ನೆರಳಿಗೆ ನೆರಳು. ಸಿಲಿಂಡರ್ ತಂದು ಜೋಡಿಸಿದೆ. ಅತ್ತೆ ಮತ್ತೆ ಒಲೆ ಹಚ್ಚಿ, ರೊಟ್ಟಿ ಹಾಕಿ ನಿಂತರು. ಎದುರಿಗೆ ಕೆರೆ, ಬೆಟ್ಟ, ಬಿಸಿಲು. ತಂಗಾಳಿ ಬೀಸಿ ಸೆರಗು ತಲೆಯಿಂದ ಜಾರಿತು. ಎಳೆದುಕೊಳ್ಳೋದನ್ನು ಮರೆತರು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅವರ ಕೈಯಲ್ಲಿ ರೊಟ್ಟಿ ಸೀದಿದ್ದು ನಾನು ಕಂಡ ಹಾಗೆ ಅದೊಂದೇ ಸಲ.

ಸೀದದ್ದನ್ನು ತೆಗೆದು ಇನ್ನೊಂದು ರೊಟ್ಟಿ ಹಾಕುವಷ್ಟರಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ಗಕ್ಕನೆ ನಿಲ್ಲಿಸಿದರು. ತಪ್ಪು ಅವರದಲ್ಲ. ರಸ್ತೆ ಪಕ್ಕ ವ್ಯಾನು, ಎತ್ತಿದ ತಗಡು, ಒಳಗೆ ಒಲೆ, ಒಲೆ ಹಿಂದೆ ಅಮ್ಮ. ಯಾರಿಗೇ ಆದರೂ ಮೊಬೈಲ್ ಕ್ಯಾಂಟೀನು.

"ಅಮ್ಮಾ, ತಿಂಡಿ ಏನೇನಿದೆ? ಬೇಗ ಕೊಡಿ, ಲೇಟಾಗಿದೆ."

ಹಸಿದವರನ್ನು ಕಂಡರೆ ಈ ಹೆಂಗಸು ಸುಮ್ಮನಿರೋದುಂಟೇ? ಗಿರಾಕಿ ಇಲ್ಲಿಗೂ ಬಂದರು, ಕೊನೆಗೆ ಮತ್ತೆ ತಣ್ಣನೆ ರೊಟ್ಟಿಯೇ ಗತಿ ಅಂದುಕೊಂಡೆ. "ಇದು ಹೋಟ್ಲಲ್ಲಪ್ಪಾ," ಅಂತ ಬಾಯಿ ತೆಗೆಯೋದರಲ್ಲಿ ಅತ್ತೆ ಕೈ ಅಡ್ಡ ಮಾಡಿದರು.

"ರೊಟ್ಟಿ, ಶೇಂಗಾ ಚಟ್ನಿ ಐತಿ. ರೊಕ್ಕ ಬ್ಯಾಡ. ಕುಂದರ್ರಿ." ಹಂಚಿನಿಂದ ಉಬ್ಬಿದ ರೊಟ್ಟಿ ಎತ್ತಿ, ತಾಟಿಗೆ ಹಾಕಿ, ಆ ತಾಟನ್ನು ಹುಡುಗರ ಕಡೆ ಅಲ್ಲ, ತಮ್ಮ ಕಡೆ ಎಳೆದುಕೊಂಡರು. "ಮೊದ್ಲ ನಂದಾಗ್ಲಿ."

ಹುಡುಗರು ಮುಖ ಮುಖ ನೋಡಿಕೊಂಡು ಬಂಡೆ ಮೇಲೆ ಕೂತರು. ನಾನೂ ಉಂಡಿರಲಿಲ್ಲ. ಅಳಿಯ ಎದುರಿಗೇ ನಿಂತಿದ್ದಾನೆ, ಗಿರಾಕಿಗಳು ಕಾಯುತ್ತಿದ್ದಾರೆ, ನಮ್ಮತ್ತೆ ಬೆಟ್ಟ ನೋಡುತ್ತಾ ಮುರಿದು ಮುರಿದು ತಿಂದರು. ಅವಸರ ಪಡಲಿಲ್ಲ. ಬೆರಳು ನೆಕ್ಕಿ ನನ್ನ ಕಡೆ ತಿರುಗಿ, "ಬಿಸಿ ಇದ್ದಾಗ ಚಲೋ ಇರ್ತೈತಲ್ರೀ ಅಳಿಯಾರ," ಅಂದರು.

ಊರೆಲ್ಲಾ ಎಂದೋ ಹೇಳಿದ ಮಾತು. ಅವರಿಗೆ ಅವತ್ತು ಗೊತ್ತಾಯಿತು. ಹೆಂಡತಿ ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ನಾನು ಗ್ರೈಂಡರ್ ಒರೆಸುತ್ತಾ ನಿಂತೆ.

ಆಮೇಲೆ ಪ್ರತಿ ಅಮಾವಾಸ್ಯೆಗೆ ಖಾನಾವಳಿ ಬಂದ್, ಗಾಡಿ ಹೊರಗೆ. ಕೆರೆ ನೋಡಿದೆವು, ಕಾಡು ನೋಡಿದೆವು, ಒಮ್ಮೆ ಸಮುದ್ರವನ್ನೂ ನೋಡಿದೆವು. ತಡೆಯಲ್ಲ ಅಂದಿದ್ದ ಹೃದಯ ವರ್ಷಗಟ್ಟಲೆ ತಡೆಯಿತು. ಹೋದ ಚಳಿಗಾಲದಲ್ಲಿ, ಅಮಾವಾಸ್ಯೆಗೆ ಇನ್ನೂ ವಾರ ಇರುವಾಗ, ಮಧ್ಯಾಹ್ನ ಊಟ ಮಾಡಿ ಒರಗಿಕೊಂಡವರು ಹಾಗೇ ಹೋದರು. ತಾಟು ಖಾಲಿ ಇತ್ತು.

ಈಗ ಶೆಡ್ಡಿನಲ್ಲಿ ಬಸ್ಸಿಗಿಂತ ಇಂಥ ಗಾಡಿಗಳ ಕೆಲಸವೇ ಜಾಸ್ತಿ. ಹೆಬ್ಬಾಳ, ಯಲಹಂಕ ಕಡೆಯ ಆಫೀಸಿನವರು ತಲೆಬಿಸಿ ತಡೆಯಲಾರದೆ ಮಾಡಿಸಿಕೊಳ್ಳುತ್ತಾರೆ. ಒಲೆ ಮುಂದೆ ಮೇಲಕ್ಕೆತ್ತೋ ಆ ಕಿಟಕಿಗೆ ನಮ್ಮ ಕೆಲಸದವರೆಲ್ಲಾ 'ಅತ್ತೆ ಕಿಟಕಿ' ಅಂತಾರೆ. ಒಬ್ಬರು ಬಂದು, ಅದು ಬೇಡ, ಅಲ್ಲಿ ಕಪಾಟು ಮಾಡಿ ಅಂದರು. "ಒಲೆ ಮುಂದೆ ನಿಲ್ಲೋರು ಹೊರಗೆ ನೋಡಬೇಕು ಸಾರ್. ಒಪ್ಪಲ್ಲ ಅಂದ್ರೆ ಬೇರೆ ಶೆಡ್ ನೋಡ್ಕೊಳ್ಳಿ," ಅಂದೆ. ಅವರೇ ಒಪ್ಪಿದರು.

ಗಾಡಿ ಕೀ ಕೊಡೋ ದಿನ ನಮ್ಮಲ್ಲಿ ನಿಂಬೆಹಣ್ಣಿನ ಜೊತೆ ಇನ್ನೊಂದು ಶಾಸ್ತ್ರ ಇದೆ. ಹೆಂಡತಿ ಬಂದು ಹೊಸ ಒಲೆ ಹಚ್ಚುತ್ತಾಳೆ. ಕಿಟಕಿ ಎತ್ತಿ ಒಂದು ರೊಟ್ಟಿ ಬಡಿಯುತ್ತಾಳೆ. ಅದನ್ನು ಬಿಸಿಬಿಸಿಯಾಗಿ ಅವಳೇ, ಹೊರಗೆ ನೋಡುತ್ತಾ, ಪೂರ್ತಿ ತಿನ್ನುತ್ತಾಳೆ. ಮಾಲೀಕರು ಕಾಯುತ್ತಾರೆ, ನಾನೂ ಕಾಯುತ್ತೇನೆ. ಎರಡನೇ ರೊಟ್ಟಿ ನಂದು.