ಡೌನ್‌ಲೋಡ್ ಊಟ

ಈ ದಿನ ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಯಾವುದೋ ತಂತ್ರಾಂಶ ಇಳಿಸಿಕೊಳ್ಳೋಣವೆಂದು ಕೂತಿದ್ದೆ. ಮೊನ್ನೆಮೊನ್ನೆಯವರೆಗೆ ಯಾರು ಬೇಕಾದರೂ ಒತ್ತಬಹುದಾಗಿದ್ದ ಡೌನ್‌ಲೋಡ್ ಗುಂಡಿಯ ಜಾಗದಲ್ಲಿ ಒಂದು ಪುಟ್ಟ ಬೀಗದ ಚಿತ್ರ, ಅದರ ಕೆಳಗೆ 'ಚಂದಾದಾರರಿಗೆ ಮಾತ್ರ' ಎಂಬ ವಿನಯದ ಒಕ್ಕಣೆ. ಇಂಥದ್ದನ್ನು ಕಂಡರೆ ನಿಮಗೆ ಏನಾಗುತ್ತದೋ ನಾನರಿಯೆ. ಸಿಟ್ಟು ಬರಬಹುದು, ಬೇಸರವಾಗಬಹುದು. ನನಗೆ ಹಸಿವಾಯಿತು. ಅದೂ ಸಾಧಾರಣ ಹಸಿವಲ್ಲ, ಜೋಳದ ರೊಟ್ಟಿಯನ್ನು ಸೋರೆಕಾಯಿ ಹಾಕಿದ ಬೇಳೆಯ ದಾಲ್ಚಾದಲ್ಲಿ ಅದ್ದಿ ತಿನ್ನಬೇಕೆನ್ನುವ ವಿಚಿತ್ರ ಹಸಿವು. ಡಬ್ಬಿ ಮುಚ್ಚಳ ತೆಗೆಯುವ ಸದ್ದು ಕೇಳಿ ಹೆಂಡತಿ ಒಳಗಿನಿಂದಲೇ, "ಈಗ್ತಾನೇ ಉಪ್ಪಿಟ್ಟು ತಿಂದ್ರಲ್ರೀ!" ಎಂದಳು. ಉಪ್ಪಿಟ್ಟಿಗೂ ಈ ಹಸಿವಿಗೂ ಸಂಬಂಧವಿಲ್ಲವೆಂದು ಅವಳಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ವಿವರಿಸುವುದು ಕಷ್ಟ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಕಂಪನಿಯ ಕೆಲಸ ಬಿಟ್ಟು ಸಹಕಾರನಗರದ ಮನೆಯಲ್ಲಿ ಗಿಡಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಕುತ್ತಾ, ಹೆಂಡತಿಗೆ ಬೇಡದ ಸಲಹೆ ಕೊಡುತ್ತಾ ಇದ್ದ ಕಾಲ. ಹಿಂದೆ ನನ್ನ ಜೊತೆ ಕೆಲಸ ಮಾಡಿದ್ದ ಹಸೀನಾ ಒಂದು ದಿನ ಫೋನ್ ಮಾಡಿದಳು. ಎರಡನೆಯ ಮಗಳು ಹುಟ್ಟಿದ ಮೇಲೆ ಅವಳು ಕೆಲಸ ಬಿಟ್ಟಿದ್ದಳು. ಮತ್ತೆ ಕೇಳಿಕೊಂಡು ಹೋದಾಗ ಯಾರೂ ಕರೆಯಲಿಲ್ಲ. "ಸರ್, ಆರ್.ಟಿ. ನಗರದಲ್ಲಿ ನಮ್ಮನೆ ಮೇಲೆ ಒಂದು ರೂಮಿದೆ. ಕ್ಲಾಸ್ ಶುರು ಮಾಡ್ತಿದೀನಿ. ನಡೆಸೋದು ನಾನು, ಪಾಠ ನಿಮ್ದು. ಬರ್ತೀರಾ?" ಎಂದಳು. ನಾನು ಯೋಚಿಸಿ ಹೇಳುತ್ತೇನೆ ಎಂದೆ. ಹಿಂದೆಯೇ ಹೆಂಡತಿಯ ದನಿ ಕೇಳಿಸಿತು, "ಬರ್ತಾರಮ್ಮಾ, ಇವತ್ತೇ ಬರ್ತಾರೆ!"

ಕಲಿಸಬೇಕಾಗಿದ್ದದ್ದು ದೊಡ್ಡ ಕಂಪನಿಗಳು ಬಳಸುವ ಒಂದು ತಂತ್ರಾಂಶ. ರಾಶಿರಾಶಿ ಮಾಹಿತಿಯನ್ನು ಹತ್ತಾರು ಕಂಪ್ಯೂಟರುಗಳಲ್ಲಿ ಹಂಚಿಟ್ಟು, ಬೇಕೆಂದಾಗ ಹುಡುಕಿ, ಕೂಡಿಸಿ, ಕಳೆದು ಕೊಡುವುದು ಅದರ ಕೆಲಸ. ತಯಾರಿಸಿದವರು ಅದನ್ನು ತಮ್ಮ ಜಾಲತಾಣದಲ್ಲಿ ಬಿಟ್ಟಿಯಾಗಿ ಇಟ್ಟಿದ್ದರು. ಕಲಿಯುವವರು ಇಳಿಸಿಕೊಂಡು ಕಲಿಯುತ್ತಿದ್ದರು. ನನ್ನ ಪಾಠವೂ ಅಲ್ಲಿಂದಲೇ ಶುರು. 'ನೆಕ್ಸ್ಟ್' ಒತ್ತಿ, ಇನ್ನೊಮ್ಮೆ 'ನೆಕ್ಸ್ಟ್' ಒತ್ತಿ, ಕೊನೆಗೆ 'ಫಿನಿಶ್' ಒತ್ತಿ ಎಂದು ಗಂಭೀರವಾಗಿ ಹೇಳುವುದನ್ನೇ ನಾನು ವಿದ್ಯಾದಾನವೆಂದು ತಿಳಿದಿದ್ದೆ.

ತೊಂದರೆಯೊಂದೇ. ಹಸೀನಾಳ ಮನೆಗೆ ಇಂಟರ್ನೆಟ್ ಕೊಟ್ಟಿದ್ದವನು ಬೀದಿಯ ಕೇಬಲ್ ಟೀವಿಯವನು. ಆ ತಂತಿಯಲ್ಲಿ ಅಷ್ಟು ದೊಡ್ಡ ಫೈಲು ಎಲ್ಲರ ಲ್ಯಾಪ್‌ಟಾಪಿಗೂ ಇಳಿಯಬೇಕೆಂದರೆ ಬೆಳಗಿನ ತಿಂಡಿಯಿಂದ ಸಂಜೆ ಕಾಫಿಯವರೆಗೆ ಕಾಯಬೇಕು. ಹಾಗಾಗಿ ಪ್ರತಿ ಬ್ಯಾಚಿನ ಮೊದಲ ಭಾನುವಾರ ಪಾಠವಿಲ್ಲ. ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತರುವುದು, ಫೈಲು ಇಳಿಯುತ್ತಿರಲು ಚಾಪೆ ಹಾಸಿ ಹಂಚಿಕೊಂಡು ತಿನ್ನುವುದು. ಇದಕ್ಕೆ ಡೌನ್‌ಲೋಡ್ ಊಟ ಎಂದು ಹೆಸರು ಬಿತ್ತು. ಯಾರು ಇಟ್ಟರೋ ಗೊತ್ತಿಲ್ಲ. ನನ್ನ ಪಾಠ ಮರೆತವರು ಇದ್ದಾರೆ, ಈ ಊಟ ಮರೆತವರನ್ನು ನಾನು ಕಂಡಿಲ್ಲ.

ಊಟದ ಯಜಮಾನಿಕೆ ಹಸೀನಾಳ ಅತ್ತೆಯದು. ಮನೆಯವರ ಹಾಗೆ ನಾವೂ ಅವರನ್ನು ಅಮ್ಮೀ ಎನ್ನುತ್ತಿದ್ದೆವು. ಅಮ್ಮಿ ತುಪ್ಪ, ಮಸಾಲೆ ಹಾಕಿ ಮಾಡುವ ಅನ್ನ, ಖುಷ್ಕಾದ ಪರಿಮಳಕ್ಕೆ ಎದುರು ಮನೆಯ ಕಿಟಕಿಗಳೂ ತೆರೆಯುತ್ತಿದ್ದವು. ನಮ್ಮಲ್ಲಿ ಅರ್ಧ ಜನ ಸಸ್ಯಾಹಾರಿಗಳೆಂದು ಅವರು ದಾಲ್ಚಾಗೆ ಮಾಂಸದ ಬದಲು ಸೋರೆಕಾಯಿ ಹಾಕುತ್ತಿದ್ದರು. ಬಡಿಸುವಾಗ ಮಾತ್ರ, "ತಿನ್ನಿ ಪಾಪ, ನಿಮ್ಗೇನ್ ಗೊತ್ತು" ಎಂದು ನಮ್ಮನ್ನು ಕನಿಕರದಿಂದ ನೋಡುತ್ತಿದ್ದರು. ಪ್ರೀತಿ ಹಾಗಿದ್ದರೂ ಕ್ಲಾಸಿನ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಹಿಂದಿನ ಬ್ಯಾಚು ಅರ್ಧಕ್ಕೇ ಚದುರಿತ್ತು. ಪಕ್ಕದ ರಸ್ತೆಯ ಮಸಾಲೆ ಅಂಗಡಿಯ ನಾರಾಯಣಪ್ಪನವರು ಆ ರೂಮನ್ನು ಗೋಡೌನಿಗೆ ಕೇಳುತ್ತಲೇ ಇದ್ದರು. ಅಮ್ಮಿ ಸೊಸೆಗೆ ಕಡ್ಡಿ ಮುರಿದಂತೆ ಹೇಳಿದ್ದರು: ಈ ಬ್ಯಾಚು ನಡೆದರೆ ನಡೆಯಲಿ, ನಿಂತರೆ ರೂಮು ನಾರಾಯಣಪ್ಪನವರಿಗೆ. ಹಸೀನಾ ನನಗೆ ಅದನ್ನು ನಗುತ್ತಲೇ ತಿಳಿಸಿದಳು. ಆ ರೂಮಿನ ಮೆಟ್ಟಿಲು ಹತ್ತುವಾಗ ಮಾತ್ರ ಅವಳು ಹಳೆಯ ಆಫೀಸಿನ ಹಸೀನಾ ಆಗುತ್ತಿದ್ದಳು. ಅದು ಕೈಬಿಟ್ಟರೆ ಅವಳಿಗೆ ಬೇರೆ ಬಾಗಿಲು ಇರಲಿಲ್ಲ.

ಆ ಬ್ಯಾಚಿನ ಮೊದಲ ಭಾನುವಾರ ಎಂಟು ಜನ ಬಂದರು, ಏಳು ಡಬ್ಬಿಯೂ ಒಂದು ಪೊಟ್ಟಣವೂ ಬಂದವು. ಬಾಗಲಕೋಟೆ ಕಡೆಯ ಶಿವಲೀಲಾ ಅಬ್ಬಿಗೆರೆಯ ತನ್ನ ಬಾಡಿಗೆ ಮನೆಯಿಂದ ಎರಡು ಬಸ್ಸು ಬದಲಾಯಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಕಟ್ಟನ್ನು ಮಗುವಿನಂತೆ ಎತ್ತಿಕೊಂಡು ಬಂದಿದ್ದಳು. ಯಾರದೋ ಬಸ್ಸಾರು, ಯಾರದೋ ಮೊಸರನ್ನ. ಅಮ್ಮಿ ಖುಷ್ಕಾ, ದಾಲ್ಚಾ ಎರಡೂ ತಂದು ಕುರ್ಚಿ ಹಾಕಿ ಕೂತರು. ನಾನು ಗಂಟಲು ಸರಿಮಾಡಿಕೊಂಡು ಜಾಲತಾಣ ತೆರೆದೆ. ಗುಂಡಿ ಇರಲಿಲ್ಲ. ಚಂದಾ ಕಟ್ಟಿದವರು ಮಾತ್ರ ಒಳಗೆ ಬರಬಹುದೆಂದು ಬರೆದಿತ್ತು. ಹಳೆಯ ಆವೃತ್ತಿ ಹುಡುಕಿದೆ, ಅದಕ್ಕೂ ಬೀಗ. ಬೇರೆ ಬ್ರೌಸರಿನಲ್ಲಿ ತೆರೆದೆ. ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ನನ್ನಂಥವರು ದಾರಿ ಕಾಣದಾಗ ಮಾಡುವುದು ಇದನ್ನೇ.

ಅವರ ವಸ್ತು, ಅವರ ಇಷ್ಟ, ತಪ್ಪೆನ್ನುವಂತಿಲ್ಲ. ಆದರೆ ಭಾನುವಾರವೇ ಕಣ್ಣಿಗೆ ಬೀಳಬೇಕಿತ್ತೇ? ಪುಟದ ಮೂಲೆಯಲ್ಲಿ 'ನಮ್ಮ ಪ್ರತಿನಿಧಿಯೊಡನೆ ಮಾತಾಡಿ' ಎಂದಿತ್ತು. ಹಸೀನಾಳ ನಂಬರು ಹಾಕಿದೆ. ಲೋಟದ ನೀರು ಕುಡಿದು ಮುಗಿಸುವುದರೊಳಗೆ ಫೋನು ಬಂತು. ಹಸೀನಾ ಸ್ಪೀಕರ್ ಹಾಕಿದಳು. ಕಂಪನಿಯ ಹುಡುಗನ ದನಿಯಲ್ಲಿ ಇಸ್ತ್ರಿ ಮಾಡಿದ ಉತ್ಸಾಹ.

"ಮೇಡಂ, ನಿಮ್ಮ ಸಂಸ್ಥೆಯ ಆಫೀಸು ಎಷ್ಟು ದೇಶಗಳಲ್ಲಿದೆ?"

ಅಮ್ಮಿ ಕುರ್ಚಿಯಿಂದಲೇ ಉತ್ತರ ಕೊಟ್ಟರು. "ದೇಶ ಎಲ್ಲಪ್ಪಾ, ಆರ್.ಟಿ. ನಗರದಲ್ಲಿ ಒಂದೇ. ಮೇಲಿನ ರೂಮು."

ಹುಡುಗ ಚಂದಾ ಎಷ್ಟೆಂದು ಹೇಳಿದ. ನಾವೆಲ್ಲ ಚಾಪೆಯ ಅಂಚನ್ನು ನೋಡತೊಡಗಿದೆವು. ಅಮ್ಮಿಗೆ ಮಾತ್ರ ಬೇರೆಯೇ ಚಿಂತೆ. "ಭಾನುವಾರಾನೂ ಕೆಲ್ಸನಾ ಮಗಾ? ಊಟ ಆಯ್ತಾ?"

"ಇಲ್ಲ ಆಂಟಿ," ಎಂದ ಹುಡುಗ. ಇಸ್ತ್ರಿ ಮುದುಡಿತ್ತು. "ಇನ್ನೂ ಆಗಿಲ್ಲ."

"ಇಲ್ಲಿ ಬಾ. ಖುಷ್ಕಾ ಐತೆ."

ಅವನು ಬರಲಿಲ್ಲ, ಆದರೆ ಫೋನಿಡುವಾಗ ಅವನು ನಗುತ್ತಿದ್ದದ್ದು ಕೇಳಿಸಿತು. ಇತ್ತ ನಮ್ಮ ಕೋಣೆಯಲ್ಲಿ ನಗುವಿರಲಿಲ್ಲ. ಹಸೀನಾ ಬಿಳಿ ಬೋರ್ಡಿನ ಕಡೆ ತಿರುಗಿ ಏನನ್ನೋ ಒರೆಸುತ್ತಿದ್ದಳು. ಬೋರ್ಡಿನ ಮೇಲೆ ಒರೆಸಲು ಏನೂ ಇರಲಿಲ್ಲ. ಅಮ್ಮಿಯೇ ಎದ್ದು, ಮೊದಲು ಊಟ ಮಾಡಿ ಎಂದು ತಟ್ಟೆ ಹಂಚಿದರು.

ರೊಟ್ಟಿ ಮುರಿಯುತ್ತಾ ಶಿವಲೀಲಾ ಕೇಳಿದಳು, "ಸರ್, ಅದು ಒಂದ ಸಾಮಾನೇನ್ರಿ, ಇಲ್ಲಾ ನಾಕಾರು ಸಾಮಾನು ಕೂಡಿಸಿ ಮಾಡ್ಯಾರೇನ್ರಿ?"

ಹಲವು ಬಿಡಿಭಾಗಗಳು ಸೇರಿ ಆಗಿದ್ದು ಎಂದೆ. ಹಂಚಿಡಲು ಒಂದು, ಹುಡುಕಲು ಒಂದು, ಕೆಲಸ ಪಾಲು ಮಾಡಲು ಒಂದು, ಎಲ್ಲವನ್ನೂ ಒಂದೇ ತಾಳಕ್ಕೆ ಕುಣಿಸಲು ಇನ್ನೊಂದು. ಬಿಡಿಬಿಡಿಯಾಗಿ ಅವು ಈಗಲೂ ಎಲ್ಲರಿಗೂ ಮುಕ್ತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕಂಪನಿಯವರು ಅವನ್ನು ಹೊಂದಿಸಿ, ಒಪ್ಪಮಾಡಿ, ಒಂದೇ ಡಬ್ಬಿಯಲ್ಲಿ ಕೊಡುತ್ತಿದ್ದರು. ಈಗ ಬೀಗ ಬಿದ್ದಿರುವುದು ಆ ಡಬ್ಬಿಗೆ.

"ಹಂಗಾರ ನಾವ ಕೂಡ್ಸೂಣಲ್ರಿ. ಈ ಊಟ ಕೂಡ್ಸಿದಂಗ. ಇಡೀ ಅಡಿಗಿ ಯಾರೂ ಒಬ್ರ ತಂದಿಲ್ಲಲ್ರಿ."

ನಾನು ಅದು ಬಹಳ ಕಷ್ಟ ಎಂದೆ. ನಿಜ ಹೇಳಬೇಕೆಂದರೆ ಕಷ್ಟವೋ ಅಲ್ಲವೋ ನನಗೂ ಗೊತ್ತಿರಲಿಲ್ಲ. ನಾನು ಡಬ್ಬಿಯ ಗಿರಾಕಿ. ಆದರೆ ಹಸೀನಾ ಆಗಲೇ ಎಡಗೈಯಲ್ಲಿ ಪೆನ್ನು ಹಿಡಿದಿದ್ದಳು. ಬಲಗೈ ದಾಲ್ಚಾ. ಬೋರ್ಡಿನ ಮೇಲೆ ಎಂಟು ಭಾಗಗಳ ಹೆಸರು, ಎದುರಿಗೆ ಎಂಟು ಜನರ ಹೆಸರು, ಅಕ್ಷರಗಳೆಲ್ಲ ವಾಲಿಕೊಂಡು. ಒಬ್ಬೊಬ್ಬರು ಒಂದೊಂದನ್ನು ಮನೆಯಲ್ಲಿ ಇಳಿಸಿ, ಕೂರಿಸಿ, ಅರ್ಥಮಾಡಿಕೊಂಡು, ಮುಂದಿನ ಭಾನುವಾರ ಉಳಿದವರಿಗೆ ಬಡಿಸಬೇಕು.

"ಊಟಕ್ಕೆ ನಾನು ಎರಡು ತಂದಿದೀನಿ," ಎಂದರು ಅಮ್ಮಿ. "ಇದಕ್ಕೆ ನಂದೇನು?"

ಶಿವಲೀಲಾಳೇ ಹೇಳಿದಳು, "ಅಮ್ಮೀ, ನೀವು ಪರದೆ ನೋಡ್ರಿ. ಅಕ್ಷರ ಓಡಾಕತ್ತಿದ್ರ ಸುಮ್ನ ಕೂಡ್ರಿ. ನಿಂತ್ರ ನಮ್ಮನ್ನ ಕರೀರಿ."

ಮುಂದಿನ ಭಾನುವಾರಗಳು ನನ್ನ ಬದುಕಿನ ಅತ್ಯಂತ ಗದ್ದಲದ ಭಾನುವಾರಗಳು. ಒಬ್ಬರ ಭಾಗದ ಹೊಸ ಆವೃತ್ತಿ ಇನ್ನೊಬ್ಬರ ಭಾಗದ ಹಳೆಯ ಆವೃತ್ತಿಯ ಜೊತೆ ಮಾತು ಬಿಡುತ್ತಿತ್ತು, ಥೇಟ್ ಓರಗಿತ್ತಿಯರ ಹಾಗೆ. ಒಂದು ಭಾನುವಾರ ಯಾವ ಯಂತ್ರವೂ ಇನ್ನೊಂದನ್ನು ಗುರುತಿಸಲಿಲ್ಲ. ತಲೆ ಕೆಡಿಸಿಕೊಂಡು ನೋಡಿದರೆ, ಯಂತ್ರಕ್ಕೆ ಹೆಸರಿಡುವುದು ಹೇಗೆಂದು ತೋರಿಸಲು ನಾನು ಬೋರ್ಡಿನ ಮೇಲೆ 'ಹಸೀನಾ' ಎಂದು ಬರೆದಿದ್ದೆ. ನನ್ನ ವಿಧೇಯ ಶಿಷ್ಯರು ಎಂಟೂ ಲ್ಯಾಪ್‌ಟಾಪುಗಳಿಗೆ ಅದೇ ಹೆಸರಿಟ್ಟಿದ್ದರು. ಎಂಟು ಹಸೀನಾರು ಒಬ್ಬರನ್ನೊಬ್ಬರು ಹುಡುಕುತ್ತಿದ್ದರು! ನಿಜವಾದ ಹಸೀನಾ ನಕ್ಕು ನಕ್ಕು ನೆಲದ ಮೇಲೆ ಕೂತಳು.

ಆಮೇಲೆ ಯಾರು ಯಾವ ಅಡುಗೆ ತಂದಿದ್ದರೋ ಅವರ ಯಂತ್ರಕ್ಕೆ ಅದೇ ಹೆಸರಿಟ್ಟೆವು. ಎಂಟನೆಯವನು ತಂದಿದ್ದು ಬರೀ ಚಿಪ್ಸಿನ ಪೊಟ್ಟಣ. ಅವನ ಯಂತ್ರಕ್ಕೆ ದಾಲ್ಚಾ ಎಂದು ಅಮ್ಮಿಯೇ ಹೆಸರು ದಯಪಾಲಿಸಿದರು. ಇದರಿಂದ ಯಾರೂ ಎಣಿಸದ ಒಂದು ಲಾಭವಾಯಿತು. ಬಸ್ಸಿನ ಬೋರ್ಡು ಓದುವಷ್ಟು ಇಂಗ್ಲಿಷ್ ಅಮ್ಮಿಗೆ ಬರುತ್ತಿತ್ತು. ಕಪ್ಪು ಪರದೆಯ ಮೇಲೆ ಓಡುವ ಸಾಲುಗಳಲ್ಲಿ ತಮಗೆ ಗೊತ್ತಿರುವ ಹೆಸರುಗಳು ಬರತೊಡಗಿದ್ದೇ ಅವರು ಕನ್ನಡಕ ಒರೆಸಿಕೊಂಡು ಮುಂದಕ್ಕೆ ಜರುಗಿದರು. "ಏಯ್, ರೊಟ್ಟಿ ಬಂತು! ಬಸ್ಸಾರು ಬಂತು! ದಾಲ್ಚಾ ಎಲ್ಲಿ? ಯಾರ್ರೀ ಅದು ದಾಲ್ಚಾ, ನಿದ್ದೆ ಮಾಡ್ತಾವ್ನೆ ನೋಡಿ!" ಬೆರಳಲ್ಲಿದ್ದ ಜಪದ ತಸ್ಬಿ ಸರ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಮೆಟ್ಟಿಲು ಹತ್ತಲು ಮಂಡಿನೋವು ಎನ್ನುತ್ತಿದ್ದವರು ನಮಗಿಂತ ಮೊದಲೇ ಬಂದು ಕೂತಿರುತ್ತಿದ್ದರು.

ಕೊನೆಗೆ ಒಂದು ಭಾನುವಾರ ಹೇಗೋ ಎಂಟೂ ಯಂತ್ರಗಳು ಕೈ ಹಿಡಿದುಕೊಂಡವು. ಒಂದು ದೊಡ್ಡ ಲೆಕ್ಕ ಕೊಟ್ಟೆವು. ಎಂಟೂ ಪಾಲು ಹಂಚಿಕೊಂಡು ಮಾಡತೊಡಗಿದವು. ಸರಿಯಾಗಿ ಆಗಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಬಾಗಿಲಲ್ಲಿ ನಾರಾಯಣಪ್ಪನವರು, ಕೈಯಲ್ಲಿ ಅಳತೆ ಟೇಪು. ತಂತ್ರಾಂಶಕ್ಕೆ ಬೀಗ ಬಿದ್ದ ಸುದ್ದಿ ಅವರಿಗೂ ಮುಟ್ಟಿತ್ತು, ಕ್ಲಾಸು ನಿಂತೇ ಹೋಯಿತೆಂದು ತಿಳಿದಿದ್ದರು. ಹಸೀನಾಳ ಮುಖದ ಬಣ್ಣ ಇಳಿದುಹೋಯಿತು.

"ಅಮ್ಮಾ, ಒಂಚೂರು ಅಳತೆ ತಗೊಂಡ್ಹೋಗ್ತೀನಿ. ಮೂಟೆ ಇಡೋಕೆ ಹಲಗೆ ಹೊಡೆಸ್ಬೇಕು."

ಅಮ್ಮಿ ಪರದೆಯಿಂದ ಕಣ್ಣು ತೆಗೆಯದೆ ಕೈ ಎತ್ತಿದರು. "ಶ್! ಎಲ್ರೂ ಮುಗಿಸವ್ರೆ. ಮೊಸರನ್ನ ಒಂದೇ ಬಾಕಿ."

"ನಾಳೆ ಬರ್ಲಾ ಹಂಗಾದ್ರೆ?"

"ನಾಳೆ ಬನ್ನಿ," ಎಂದ ಅಮ್ಮಿ ಒಂದು ಸಾಲು ಓದಿದರು. ಮತ್ತೊಂದು ಸಾಲು ಓದಿದರು. "ಬೇಡ ನಾರಾಯಣಪ್ಪೋರೇ, ನಾಳೆನೂ ಬರ್ಬೇಡಿ. ರೂಮು ಖಾಲಿ ಇಲ್ಲ. ನಮ್ ಕ್ಲಾಸ್ ನಡೀತೈತೆ."

ಆಮೇಲೆ ಮೊಸರನ್ನವೂ ಮುಗಿಸಿತು. ಕೋಣೆಯಲ್ಲಿ ಎದ್ದ ಕೂಗಿಗೆ ಬೀದಿಯವರು ಯಾರೋ ಸಿಕ್ಸರ್ ಹೊಡೆದರೆಂದು ತಿಳಿದಿರಬೇಕು. ಹಸೀನಾ ಮಾತ್ರ ಕೂಗಲಿಲ್ಲ. ಹೋಗಿ ಅತ್ತೆಯ ಕುರ್ಚಿಯ ಹಿಂದೆ ನಿಂತು ಅವರ ಹೆಗಲ ಮೇಲೆ ಕೈಯಿಟ್ಟಳು. ಅಮ್ಮಿ ಹೇಳಿದ್ದು 'ನಿನ್ನ ಕ್ಲಾಸು' ಎಂದಲ್ಲ, 'ನಮ್ಮ ಕ್ಲಾಸು' ಎಂದು.

ಅಲ್ಲಿಂದೀಚೆಗೆ ಎಷ್ಟೋ ಬ್ಯಾಚುಗಳು ಬಂದು ಹೋಗಿವೆ. ಶಿವಲೀಲಾ ಈಗ ಹೆಬ್ಬಾಳದ ಒಂದು ಆಫೀಸಿನಲ್ಲಿ ಇದೇ ಕೆಲಸದಲ್ಲಿದ್ದಾಳೆ. ನಾನಂತೂ ಈಗ ಪಾಠ ಹೇಳುವುದಕ್ಕಿಂತ ಹೆಚ್ಚಾಗಿ ಕೇಳುತ್ತೇನೆ, ಅದರ ಸುಖವೇ ಬೇರೆ. ಈ ಬೆಳಿಗ್ಗೆಯ ಬೀಗದ ಚಿತ್ರ ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ, ಕಾಫಿ ಆರಿಹೋಗಿತ್ತು. ಹಸೀನಾಳಿಗೆ ಫೋನ್ ಮಾಡಿದೆ. ಎತ್ತಿದವರು ಅಮ್ಮಿ.

"ಅಮ್ಮೀ, ಇನ್ನೊಂದಕ್ಕೂ ಬೀಗ ಹಾಕಿಬಿಟ್ರು."

"ಹೌದಾ ಮೇಷ್ಟ್ರೇ?" ಎಂದರು ಅಮ್ಮಿ. ಹಬ್ಬದ ಚಂದ್ರ ಕಂಡವರ ದನಿ ಅದು. "ಎಷ್ಟು ಜನ ಬೇಕಾಗ್ತಾರೆ? ಅಕ್ಕಿ ನೆನೆ ಹಾಕ್ಬೇಕಲ್ಲ!"