ಮುನೀರಾಳ ಹಿಂಬಾಗಿಲು

ಬಂದರಿನ ಗೋದಾಮುಗಳ ಬೆನ್ನಿಗೆ ಒಂದು ಓಣಿಯಿದೆ. ಅಲ್ಲಿ ಹಂಚಿನ ಮನೆಗಳಿದ್ದ ಜಾಗದಲ್ಲಿ ಈಗ ಎತ್ತರದ ಫ್ಲ್ಯಾಟು ಎದ್ದು ನಿಂತಿದೆ. ಅದರ ಮೊದಲ ಮಹಡಿಯಲ್ಲಿ, ಹೊಳೆಯೂ ಕಾಣದ, ದೋಣಿಯೂ ಕಾಣದ, ಗೋದಾಮಿನ ಗೋಡೆ ಮಾತ್ರ ಕಾಣುವ ಮನೆಯನ್ನು ಒಬ್ಬ ಹೆಂಗಸು ಬೇಕೆಂದೇ ಕೇಳಿ ಪಡೆದಳು ಎಂದರೆ ನೀವು ನಂಬುತ್ತೀರಾ? ಓಣಿಯವರೂ ನಂಬಿರಲಿಲ್ಲ.

ಅವಳು ಮುನೀರಾ, ಹೊಲಿಗೆಯವಳು. ಗಂಡ ಝಕರಿಯಾ ಒಣಮೀನಿನ ವ್ಯಾಪಾರಿ. ಹಳೆಯ ಮನೆಯ ಮುಂದಿನ ಜಗಲಿ ಪೂರ್ತಿ ಅವನ ರಾಜ್ಯ. ಬೆಳಗಾದರೆ ದಲ್ಲಾಳಿಗಳು, ಲಾರಿಯವರು, ಚಹಾ, ಗದ್ದಲ. ಹಾಗಾಗಿ ಹೆಂಗಸರು ಮುಂಬಾಗಿಲಿನ ತಂಟೆಗೇ ಹೋಗುತ್ತಿರಲಿಲ್ಲ. ಮೂರು ಮನೆಗಳಿಗೆ ಸೇರಿದ ಹಿತ್ತಲಿನಲ್ಲಿ ಬಾವಿಕಟ್ಟೆ ಬಳಸಿ ನೇರ ಅಡುಗೆಮನೆಗೇ ಬರುತ್ತಿದ್ದರು. ಮದುಮಗಳ ಅಳತೆ, ಬಸುರಿಯ ಅಂಗಿ, ಸೊಸೆಯ ಮೇಲಿನ ಸಿಟ್ಟು, ಎಲ್ಲವೂ ಆ ಬಾಗಿಲಿನಿಂದಲೇ ಒಳಗೆ. ಮುನೀರಾಳ ಹೊಲಿಗೆ ಮೆಷಿನ್ ನಿಲ್ಲದೆ ಓಡಿದ್ದೂ ಅದರಿಂದಲೇ.

ಕೊನೆಗೊಮ್ಮೆ ಮೂರು ಮನೆಯವರೂ ಜಾಗವನ್ನು ಬಿಲ್ಡರನಿಗೆ ಕೊಟ್ಟು, ಬದಲಿಗೆ ಒಂದೊಂದು ಫ್ಲ್ಯಾಟ್ ಎಂದು ಒಪ್ಪಂದವಾಯಿತು. ಕಟ್ಟಡದ ಆರ್ಕಿಟೆಕ್ಟ್ ನಜ್ಲಾ, ಉಳ್ಳಾಲದ ಹುಡುಗಿ, ಪ್ಲ್ಯಾನ್ ತಂದು ಹರಡಿದಳು. ಉಳಿದವರು ಬಾಲ್ಕನಿ ಎಲ್ಲಿ ಎಂದು ಹುಡುಕಿದರೆ, ಮುನೀರಾ ಆ ಹಾಳೆಯನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿದಳು.

“ಇದ್ರದ್ದು ಹಿತ್ತಲು ಎಲ್ಲಿ ಉಂಟು?”

“ಹಿತ್ತಲು ಇಲ್ಲ ಆಂಟಿ. ಮನೆಗೆ ಒಂದೇ ಬಾಗಿಲು.”

“ಮತ್ತೆ ಹೆಂಗಸರು ಎಲ್ಲಿಂದ ಬರುದು?”

“ಎಲ್ರೂ ಲಿಫ್ಟಲ್ಲೇ ಬರ್ತಾರೆ.”

ಮುನೀರಾ ಮನಸ್ಸಲ್ಲೇ ಲೆಕ್ಕ ಹಾಕಿದಳು. ವಾಚ್‌ಮನ್‌ನ ಎದುರು, ಕ್ಯಾಮೆರಾದ ಕೆಳಗೆ, ಅರ್ಧ ಹೊಲಿದ ಬಟ್ಟೆ ಹಿಡಿದು ಯಾರು ತಾನೇ ಬರುತ್ತಾರೆ? ಬರದಿದ್ದರೆ ಅವಳ ಹೊಲಿಗೆಯ ಕಥೆ ಮುಗಿದಂತೆಯೇ.

ಆದರೆ ಅವಳದು ಸುಮ್ಮನೆ ಕೂರುವ ಜೀವವಲ್ಲ. ಕಟ್ಟಡ ಏಳುವವರೆಗೆ ಇದ್ದ ಬಾಡಿಗೆ ಮನೆಯಿಂದ ಆಗಾಗ ಬಸ್ಸು ಹತ್ತಿ ಬಂದು, ಕಟ್ಟುತ್ತಿದ್ದ ಗೋಡೆಗಳ ನಡುವೆ ಸುತ್ತಿದಳು. ಈ ಪೈಪು ಎಲ್ಲಿಗೆ ಹೋಗ್ತದೆ, ಲಿಫ್ಟಿಗೆ ನೆಲದಡಿಯಲ್ಲಿ ಹೊಂಡ ಎಂತಕ್ಕೆ ಎಂದೆಲ್ಲ ಕೇಳಿ ಮೇಸ್ತ್ರಿಯ ತಲೆ ತಿಂದಳು. ಹಾಗೆ ಸುತ್ತುವಾಗಲೇ ಕೆಲಸದವರು ಓಡಾಡಲೆಂದು ಇಟ್ಟಿದ್ದ ಹಿಂದಿನ ಮೆಟ್ಟಿಲು ಕಣ್ಣಿಗೆ ಬಿತ್ತು. ಓಣಿಯಿಂದ ಹೊರಟು, ಮೊದಲ ಮಹಡಿಯ ಒಂದು ಅಡುಗೆಮನೆಯ ಪಕ್ಕದಲ್ಲೇ ಅದು ಹಾದುಹೋಗಿತ್ತು. ಆ ಮನೆಯೇ ನನಗಿರಲಿ, ಅಲ್ಲೊಂದು ಬಾಗಿಲು ಇಟ್ಟುಕೊಡು ಎಂದು ನಜ್ಲಾಳ ದುಂಬಾಲು ಬಿದ್ದಳು.

“ಆ ಕಡೆ ವ್ಯೂ ಇಲ್ಲ ಆಂಟಿ.”

“ವ್ಯೂ ಬಂದು ಅಂಗಿ ಹೊಲಿಸ್ತದಾ?”

ನಜ್ಲಾ ನಕ್ಕು ಬಾಗಿಲು ಬರೆದಳು. ಝಕರಿಯಾನಿಗೆ ಮಾತ್ರ ಪಿತ್ತ ನೆತ್ತಿಗೇರಿತು. “ತಲೆ ಸರಿ ಉಂಟಾ ನಿಂಗೆ? ಮೇಲಿನ ಫ್ಲ್ಯಾಟಿಂದ ಹೊಳೆ ಕಡಲು ಸೇರುವ ಅಳಿವೆಯೇ ಕಾಣ್ತದೆ. ಜಸೀಲಾನ ಮನೆಯವರು ಅದನ್ನೇ ತಕೊಂಡ್ರು.” ನೆರೆಮನೆಯ ಜಸೀಲಾ ಮುನೀರಾಳ ಬಹುಕಾಲದ ಗೆಳತಿ. ಎರಡು ದಿನ ಮುಖ ಊದಿಸಿಕೊಂಡಿದ್ದ ಝಕರಿಯಾ ಕೊನೆಗೆ ಹೂಂ ಎಂದ.

ಕಟ್ಟಡ ಮುಗಿದಾಗ ಮೊದಲು ವಾಸಕ್ಕೆ ಬಂದವರು ಇವರೇ. ಝಕರಿಯಾ ವ್ಯಾಪಾರವನ್ನು ಗೋದಾಮಿಗೆ ಸಾಗಿಸಿದ್ದ. ಮುನೀರಾ ಹಿಂಬಾಗಿಲನ್ನು ಹಾರು ಹೊಡೆದು, ಪಕ್ಕದಲ್ಲಿ ಮೆಷಿನ್ ಇಟ್ಟು ಕಾದಳು. ಒಂದು ನರಪಿಳ್ಳೆಯೂ ಬರಲಿಲ್ಲ. ಆಗೀಗ ಮುಂಬಾಗಿಲಿನ ಬೆಲ್ ಹೊಡೆಯುತ್ತಿತ್ತು. ದಲ್ಲಾಳಿಗಳಿರಬೇಕು, ಗೋದಾಮಿಗೇ ಹೋಗಲಿ ಎಂದು ಅವಳು ಏಳುತ್ತಿರಲಿಲ್ಲ. ಮುಂಬಾಗಿಲಿಗೆ ಬರುವವರು ಗಂಡನನ್ನು ಹುಡುಕಿಕೊಂಡೇ ಬರುವವರು ಎಂಬುದು ಅವಳ ಇಡೀ ಸಂಸಾರದ ರೂಢಿ.

ದಿನಗಳು ಹೋದವು. ಬೆಲ್ಲೂ ನಿಂತಿತು. ಮುನೀರಾಳಿಗೆ ಅಳು ಬಂತು. ಒಬ್ಬಳೇ ಕುಳಿತು ಅತ್ತಳು.

ಶುಕ್ರವಾರ ನಮಾಝು ಮುಗಿಸಿ ಝಕರಿಯಾ ಮನೆಯಲ್ಲಿದ್ದಾಗ ಮತ್ತೆ ಬೆಲ್ ಹೊಡೆಯಿತು. ಅವನೇ ಬಾಗಿಲು ತೆರೆದ. ಹೊರಗೆ ಬಟ್ಟೆಯ ಚೀಲ ಹಿಡಿದ ಜಸೀಲಾ, ಹಿಂದೆ ಓಣಿಯ ಐದಾರು ಹೆಂಗಸರು.

“ಎಲ್ಲಿ ಅವಳು?” ಎನ್ನುತ್ತಲೇ ಜಸೀಲಾ ಒಳಗೆ ನುಗ್ಗಿದಳು. “ಎಂತ ಮಾರಾಯ್ತಿ, ನಿನ್ನೆ ನಾವು ಮೇಲಿನ ಮನೆಗೆ ವಾಸಕ್ಕೆ ಬಂದದ್ದಷ್ಟೇ, ಇವರೆಲ್ಲ ನಿನ್ನದೇ ದೂರು. ಬೆಲ್ ಒತ್ತಿ ಒತ್ತಿ ವಾಪಸ್ ಹೋಗಿದ್ದಾರಂತೆ. ಮುನೀರಾ ದೊಡ್ಡ ಜನ ಆದ್ಲು ಅಂತ ಮಾತು.”

ಮುನೀರಾ ಅಡುಗೆಮನೆಯ ಹೊಸಿಲಲ್ಲೇ ನಿಂತಳು. “ಹಿಂದಿನಿಂದ ಬರ್ಬಹುದಿತ್ತಲ್ಲ. ನಿಮಗೋಸ್ಕರವೇ ಇಡಿಸಿದ್ದು.”

ಜಸೀಲಾ ಹಾಲ್‌ ನಡುವೆ ಝಕರಿಯಾನ ದೊಡ್ಡ ಕುರ್ಚಿಯಲ್ಲಿ ಆರಾಮವಾಗಿ ಕುಳಿತಳು. “ಮದುವೆಯಾಗಿ ಬಂದಂದಿನಿಂದ ನಿನ್ನ ನೆರೆಮನೆಯವಳು ನಾನು. ನಿನ್ನ ಮನೆಯ ಮುಂಬಾಗಿಲು ಒಳಗಿನಿಂದ ಹೇಗಿರ್ತದೆ ಅಂತ ಇವತ್ತೇ ನೋಡಿದ್ದು. ಈಗ ಇಲ್ಲಿ ಗಂಡಸರ ಗದ್ದಲ ಇಲ್ಲ, ನಮಗೆ ಇದೇ ಸಾಕು.”

ಹೆಂಗಸರೆಲ್ಲ ಸೋಫಾ ತುಂಬಿ ಕುಳಿತರು. ಬಟ್ಟೆಗಳು ಹೊರಬಂದವು, ಮಾತು ಶುರುವಾಯಿತು. ಮುನೀರಾ ಕಣ್ಣೊರೆಸಿಕೊಂಡು ಮೆಷಿನ್ನನ್ನು ದರದರ ಹಾಲ್‌ಗೆ ಎಳೆದು ತಂದಳು. ಝಕರಿಯಾ ಎಲ್ಲಿ ನಿಲ್ಲುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಗೋಡೆಗೆ ಒರಗಿದ. ಆಮೇಲೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಅಡುಗೆಮನೆ ದಾಟಿ, ಹಿಂಬಾಗಿಲಿನಿಂದ ಇಳಿದು ಹೋದ.